ಇಪ್ಪತ್ತನಾಲ್ಕು ಸೆಲ್ಲಿನ ಕಾರು

ಬೆಂಗಳೂರು ಸಮತಟ್ಟಾದ ಊರು ಎಂದು ಪೆಟ್ರೋಲ್ ಕಾರಿನವರು ತಿಳಿದಿದ್ದಾರೆ. ಹಳೆಯ ಬ್ಯಾಟರಿ ಕಾರು ಇಟ್ಟುಕೊಂಡವರನ್ನು ಕೇಳಿ ನೋಡಿ. ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ ಇತ್ತು ಎಂಬುದನ್ನು ಅವರು ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ಅಲ್ಲಿಂದ ಆನಂದರಾವ್ ಸರ್ಕಲ್ ದಾಟಿ ಹೈಗ್ರೌಂಡ್ಸ್ ಕಡೆಗೆ ಹೊರಟರೆ ಸಾಕು, ಕೆರೆಯಂಗಳದಿಂದ ದಿಣ್ಣೆ ಹತ್ತುತ್ತಿದ್ದೇವೆ ಎಂದು ಡ್ಯಾಶ್‌ಬೋರ್ಡಿನ ಮುಳ್ಳೇ ಹೇಳುತ್ತದೆ. ಹನುಮಂತನಗರದ ಗುಡ್ಡದ ಸುತ್ತಿನ ಬೀದಿಗಳು, ಬುಲ್ ಟೆಂಪಲ್ ರಸ್ತೆಯ ಉದ್ದನೆಯ ಏರು, ಮಲ್ಲೇಶ್ವರದ ಅಡ್ಡರಸ್ತೆಗಳ ಏರಿಳಿತ, ಎಲ್ಲ ನನಗೆ ಬಲಗಾಲಿನಲ್ಲೇ ನೆನಪಿದೆ. ಊರಿನ ಮೈಯನ್ನು ಇಷ್ಟು ಹತ್ತಿರದಿಂದ ತೋರಿಸಿಕೊಟ್ಟದ್ದಕ್ಕೆ ಈ ಕಾರಿನ ಮೇಲೆ ನನಗೆ ಪ್ರೀತಿ.

ನನ್ನದು ರೇವಾ. ಇಲ್ಲಿನದೇ ಕಾರು. 1994ರಲ್ಲಿ ಬೆಂಗಳೂರಿನ ಮೈನಿ ಬಳಗವೂ ಅಮೆರಿಕದ ಅಮೆರಿಗಾನ್ ಕಂಪನಿಯೂ ಸೇರಿ ಶುರುಮಾಡಿದ ಕೆಲಸ 2001ರಲ್ಲಿ ರಸ್ತೆಗಿಳಿಯಿತು. ಅದರ ಹಿಂದೆ ನಿಂತು ದುಡಿದವರು ಚೇತನ್ ಮೈನಿ. ಲಂಡನ್ನಿನಲ್ಲಿ ಇದೇ ಪುಟ್ಟ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಆ ನಗರ 2003ರಲ್ಲಿ ತನ್ನ ನಡುಭಾಗಕ್ಕೆ ಬರುವ ವಾಹನಗಳ ಮೇಲೆ ಶುಲ್ಕ ಹೇರಿದಾಗ ವಿದ್ಯುತ್ ಕಾರುಗಳಿಗೆ ವಿನಾಯಿತಿ ಇತ್ತು. ಬೊಮ್ಮಸಂದ್ರದಲ್ಲಿ ಜೋಡಿಸಿದ ಕಾರಿನಲ್ಲಿ ಅಲ್ಲಿನವರು ದುಡ್ಡು ಕೊಡದೆ ಒಳಗೆ ಹೋಗಿ ಬಂದರು. 2010ರಲ್ಲಿ ಕಂಪನಿ ಮಹೀಂದ್ರಾ ಪಾಲಾಯಿತು. ಕರ್ನಾಟಕ ಸರ್ಕಾರ ದೇಶದಲ್ಲೇ ಮೊದಲಾಗಿ ವಿದ್ಯುತ್ ವಾಹನ ನೀತಿ ತಂದದ್ದು 2017ರಲ್ಲಿ. ಅಷ್ಟು ಹೊತ್ತಿಗೆ ರೇವಾ ನಮ್ಮ ಬೀದಿಗಳಲ್ಲಿ ಹದಿನಾರು ವರ್ಷ ಓಡಿಯಾಗಿತ್ತು. ಇಂದು ಬಿಳಿ ಅಕ್ಷರದ ಹಸಿರು ನಂಬರ್ ಪ್ಲೇಟುಗಳನ್ನು ಸಿಗ್ನಲ್ಲಿನಲ್ಲಿ ಸಾಲಾಗಿ ಕಂಡಾಗ, ಇವರಿಗೆಲ್ಲ ದಾರಿ ಸವೆಸಿಕೊಟ್ಟದ್ದು ಈ ಎರಡು ಬಾಗಿಲಿನ ಗಾಡಿ ಎಂದು ಹೇಳಬೇಕೆನಿಸುತ್ತದೆ.

ಹಾಗೆ ನೋಡಿದರೆ ವಿದ್ಯುತ್ ಕಾರಿನ ವಯಸ್ಸು ಇನ್ನೂ ದೊಡ್ಡದು. ರಸ್ತೆ ವಾಹನವೊಂದು ಗಂಟೆಗೆ 100 ಕಿಲೋಮೀಟರ್ ವೇಗ ದಾಟಿದ್ದು 1899ರ ಏಪ್ರಿಲ್‌ನಲ್ಲಿ, ಪ್ಯಾರಿಸ್ ಬಳಿ. ಕಾಮಿಲ್ ಜೆನಾಟ್ಜಿ ಎಂಬ ಬೆಲ್ಜಿಯಂ ದೇಶದವನು ಓಡಿಸಿದ ಆ ವಾಹನದೊಳಗೆ ಇದ್ದದ್ದು ಬ್ಯಾಟರಿ. ಪೆಟ್ರೋಲ್ ಕಾರನ್ನು ಮನೆಮನೆಗೆ ಮುಟ್ಟಿಸಿದ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಫೋರ್ಡ್ ತನ್ನ ಓಡಾಟಕ್ಕೆ ಇಟ್ಟುಕೊಂಡಿದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರು. ಆ ಕಾರುಗಳಲ್ಲೂ ದೂರದ್ದೇ ಚಿಂತೆ ಇತ್ತು. ಎಷ್ಟು ದೂರ ಹೋಗಬಹುದು, ವಾಪಸು ಬರಲಾಗುತ್ತದೆಯೇ ಎಂದು ಅಂದಿನವರೂ ಲೆಕ್ಕ ಹಾಕಿಯೇ ಮನೆಯಿಂದ ಹೊರಡುತ್ತಿದ್ದರು.

ನಮ್ಮ ಮನೆಯಲ್ಲಿ ಆ ಚಿಂತೆ ಬಂದದ್ದು ಮೆಲ್ಲಗೆ. ಬಸವನಗುಡಿಯಿಂದ ಮಲ್ಲೇಶ್ವರದಲ್ಲಿರುವ ತಂಗಿಯ ಮನೆಗೆ ಹೋಗಿ, ಅಲ್ಲಿಂದ ಯಶವಂತಪುರ ಸುತ್ತಿ ಬಂದರೂ ಮುಳ್ಳು ಅರ್ಧಕ್ಕಿಂತ ಮೇಲೇ ಇರುತ್ತಿದ್ದ ಕಾಲವೊಂದಿತ್ತು. ಬರಬರುತ್ತಾ ಮಲ್ಲೇಶ್ವರಕ್ಕೆ ಹೋಗಿ ಮರಳುವುದೇ ಕಷ್ಟವಾಯಿತು. ಚಾಮರಾಜಪೇಟೆ ಹತ್ತಿರ ಬರುವಾಗ ಮುಳ್ಳು ಕೆಂಪಿಗೆ ಇಳಿದಿರುತ್ತಿತ್ತು, ಏರಿನಲ್ಲಿ ಕಾರು ಮುಗ್ಗರಿಸಿದಂತೆ ತಡೆದು ತಡೆದು ಹೋಗುತ್ತಿತ್ತು. ಸಲಹೆಗಳಿಗೆ ಕೊರತೆಯಿರಲಿಲ್ಲ. ಸೆಟ್ ಪೂರ್ತಿ ಬದಲಾಯಿಸಿ ಎಂದರು ಕೆಲವರು. ಲಿಥಿಯಂ ಹಾಕಿಸಿ ಎಂದರು ಇನ್ನು ಕೆಲವರು. ಪಕ್ಕದ ಮನೆಯ ಹುಡುಗ, "ಅಂಕಲ್, ಕೊಟ್ಟುಬಿಡಿ, ಹೊಸದು ತಗೊಳ್ಳಿ" ಎಂದ. ಪ್ರೀತಿಯಿಂದಲೇ ಹೇಳಿದ.

ನನ್ನ ಹೆಂಡತಿ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು. "ರೀ, ಮೊದಲು ಖಾಯಿಲೆ ಯಾವುದು ಅಂತ ನೋಡಿ. ಆಮೇಲೆ ಔಷಧಿ" ಎಂದಳು. ಹಾಲು, ಪೇಪರು, ಗ್ಯಾಸು ಎಲ್ಲದರ ಲೆಕ್ಕ ಬರೆಯುವ ಅವಳ ಪುಸ್ತಕದಲ್ಲಿ ಕಾರಿನದೂ ಇತ್ತು. ಚಾರ್ಜಿಗೆ ಹಾಕುವ ಮೊದಲು ಮತ್ತು ತೆಗೆದ ಮೇಲೆ ಗ್ಯಾರೇಜಿನ ಸಬ್ ಮೀಟರ್ ತೋರಿಸಿದ ಯೂನಿಟ್ಟು, ಆ ದಿನ ಓಡಿದ ದೂರ. ಈ ಪುಸ್ತಕ ನಮ್ಮ ಕೈಗೆ ಕೊಟ್ಟದ್ದು ದೊಡ್ಡ ಸುಳಿವು. ಹಳೆಯ ವಿದ್ಯುತ್ ಕಾರು ಇರುವವರೆಲ್ಲ ಇದನ್ನು ಮಾಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆಂದರೆ ದೂರ ಕಡಿಮೆಯಾಗುವುದಕ್ಕೆ ಎರಡು ಬೇರೆ ಬೇರೆ ದಾರಿಗಳಿವೆ. ಕಾರು ತನಗೆ ಸಿಕ್ಕ ವಿದ್ಯುತ್ತನ್ನು ಪೋಲು ಮಾಡುತ್ತಿರಬಹುದು. ಇಲ್ಲವೇ ಬ್ಯಾಟರಿಯಲ್ಲಿ ವಿದ್ಯುತ್ತು ಹಿಡಿಯುವ ಜಾಗವೇ ಕಡಿಮೆಯಾಗಿರಬಹುದು. ಮೊದಲನೆಯದಾದರೆ ಯೂನಿಟ್ಟಿಗೆ ಓಡುವ ಕಿಲೋಮೀಟರ್ ಇಳಿಯುತ್ತದೆ. ಎರಡನೆಯದಾದರೆ ಯೂನಿಟ್ಟಿಗೆ ಓಡುವ ದೂರ ಹೆಚ್ಚೂಕಡಿಮೆ ಅಷ್ಟೇ ಇದ್ದು, ರಾತ್ರಿ ಎಳೆಯುವ ಯೂನಿಟ್ಟುಗಳೇ ಕಡಿಮೆಯಾಗುತ್ತವೆ. ಮೀಟರು ಓದಲು ಬಂದರೆ ಸಾಕು, ಯಾವ ಮೆಕ್ಯಾನಿಕ್ಕಿನ ಮುಖವೂ ನೋಡದೆ ಇಷ್ಟನ್ನು ತಿಳಿಯಬಹುದು. ನಮ್ಮ ಪುಸ್ತಕದಲ್ಲಿ ಎರಡನೆಯದು ಎದ್ದು ಕಾಣುತ್ತಿತ್ತು. ಮೊದಲನೆಯದರದೂ ಒಂದಿಷ್ಟು ನೆರಳಿತ್ತು.

ಆ ನೆರಳನ್ನು ಹುಡುಕುವುದು ಸುಲಭ, ಖರ್ಚೂ ಇಲ್ಲ. ಟೈರಿನ ಗಾಳಿ ನೋಡಿದೆವು. ಗಾಡಿಯನ್ನು ಜಾಕ್ ಮೇಲೆ ಎತ್ತಿ ಒಂದೊಂದೇ ಚಕ್ರವನ್ನು ಕೈಯಿಂದ ತಿರುಗಿಸಿದೆವು. ಹಿಂದಿನ ಎಡ ಚಕ್ರ ಅರ್ಧ ಸುತ್ತಿಗೇ ನಿಂತಿತು; ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡಿತ್ತು. ಸಣ್ಣ ಕಾರಿಗೆ ಇದು ಸಣ್ಣ ಹೊರೆಯಲ್ಲ. ಜಾಕ್ ಇಲ್ಲದವರು ಓಡಿಸಿ ಬಂದ ಕೂಡಲೇ ನಾಲ್ಕೂ ಚಕ್ರಗಳ ನಡುಭಾಗದ ಹತ್ತಿರ ಕೈ ಹಿಡಿದು ನೋಡಿದರೂ ತಿಳಿಯುತ್ತದೆ, ಅಂಟಿಕೊಂಡದ್ದು ಉಳಿದವುಗಳಿಗಿಂತ ಬಿಸಿಯಾಗಿರುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಚಾರ್ಜ್ ಉಳಿಸಲೆಂದು ಸಂಜೆ ಹೆಡ್‌ಲೈಟ್ ಹಾಕದೆ ಓಡಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. 55 ವಾಟಿನ ಎರಡು ಬಲ್ಬು ಒಂದು ಗಂಟೆ ಉರಿದರೆ ಖರ್ಚಾಗುವುದು ಒಂದು ಯೂನಿಟ್ಟಿನ ಒಂಬತ್ತನೆಯ ಒಂದು ಪಾಲು. ರೇವಾದಂಥ ಕಾರಿಗೆ ಅದು ಸುಮಾರು ಒಂದು ಕಿಲೋಮೀಟರಿನ ದೂರ. ಒಂದು ಕಿಲೋಮೀಟರಿಗಾಗಿ ಕತ್ತಲಲ್ಲಿ ಜೀವ ಪಣಕ್ಕಿಡುವುದು ಬೇಡ. ಏರಿನ ಲೆಕ್ಕವೂ ಹೀಗೆಯೇ. ಕಾರು, ಅದರೊಳಗೆ ಇಬ್ಬರು, ಎಲ್ಲ ಸೇರಿ 850 ಕಿಲೋ ಎಂದು ಹಿಡಿಯಿರಿ. 50 ಮೀಟರ್ ಎತ್ತರ ಹತ್ತುವುದಕ್ಕೆ ಬೇಕಾದ ಶಕ್ತಿಯೂ ಬರೀ ಒಂದು ಕಿಲೋಮೀಟರಿನ ಆಸುಪಾಸು. ಇಳಿಜಾರಿನಲ್ಲಿ ಅದರಲ್ಲೊಂದು ಪಾಲು ಬ್ಯಾಟರಿಗೆ ಮರಳುತ್ತದೆ. ಹಾಗಿದ್ದರೆ ಹನುಮಂತನಗರದ ಏರಿನಲ್ಲಿ ಮುಳ್ಳು ಅಷ್ಟೊಂದು ಕುಸಿಯುವುದೇಕೆ?

ಉತ್ತರ ಬ್ಯಾಟರಿಯೊಳಗಿದೆ. ಜರ್ಮನಿಯ ಪಾಯ್ಕರ್ಟ್ 1897ರಲ್ಲೇ ಇದನ್ನು ಅಳೆದು ತೋರಿಸಿದ. ಸೀಸದ ಬ್ಯಾಟರಿಯಿಂದ ನಿಧಾನವಾಗಿ ತೆಗೆದರೆ ಹೆಚ್ಚು ಸಿಗುತ್ತದೆ, ಅವಸರದಲ್ಲಿ ಎಳೆದರೆ ಕಡಿಮೆ ಸಿಗುತ್ತದೆ. ಏರಿನಲ್ಲಿ 48 ವೋಲ್ಟಿನ ಈ ಕಾರು ನೂರೈವತ್ತು ಇನ್ನೂರು ಆಂಪಿಯರ್ ಎಳೆಯುತ್ತದೆ. ಗಟ್ಟಿ ಬ್ಯಾಟರಿ ತಡೆದುಕೊಳ್ಳುತ್ತದೆ, ಸೊರಗಿದ ಬ್ಯಾಟರಿಯ ವೋಲ್ಟೇಜು ಬಿದ್ದುಹೋಗುತ್ತದೆ. ಏರು ಖಾಯಿಲೆಯನ್ನು ಹೊರಗೆ ಹಾಕುತ್ತದೆ ಅಷ್ಟೆ.

ರೇವಾದ ಮುಂದಿನ ಸೀಟುಗಳನ್ನು ಎತ್ತಿದರೆ ಕೆಳಗೆ ಎಂಟು ಬ್ಯಾಟರಿಗಳಿವೆ. ಒಂದೊಂದೂ 6 ವೋಲ್ಟಿನದು, ಒಂದೊಂದರಲ್ಲೂ ಮೂರು ಸೆಲ್ಲು. ಒಟ್ಟು 24 ಸೆಲ್ಲುಗಳು ಒಂದರ ಹಿಂದೆ ಒಂದಾಗಿ ಜೋಡಿಸಿಕೊಂಡಿವೆ. ಬ್ಯಾಟರಿಗಳದ್ದೇ 250 ಕಿಲೋ ಆಸುಪಾಸಿನ ಭಾರ. ನಾವು ಕೂರುವುದೇ ಅವುಗಳ ಮೇಲೆ. ಈ ಸಾಲಿನ ಗುಣವನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಬಾವಿಯಿಂದ ಮನೆಯವರೆಗೆ ಇಪ್ಪತ್ತನಾಲ್ಕು ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಬಿಂದಿಗೆ ದಾಟಿಸುತ್ತಿದ್ದಾರೆ ಎನ್ನಿ. ಇಪ್ಪತ್ತಮೂರು ಜನ ಜಟ್ಟಿಗಳಿದ್ದರೂ ನಡುವೆ ಒಬ್ಬರಿಗೆ ತೋಳಿನಲ್ಲಿ ತ್ರಾಣವಿಲ್ಲದಿದ್ದರೆ ಮನೆಗೆ ನೀರು ಬರುವುದು ಅವರ ತ್ರಾಣದ ಲೆಕ್ಕದಲ್ಲೇ. ಕಾರಿನ ದೂರವನ್ನು ತೀರ್ಮಾನಿಸುವುದು ಆ ಒಂದು ಬಡ ಸೆಲ್ಲು. ಇಪ್ಪತ್ತಮೂರಕ್ಕೂ ಮರಣದಂಡನೆ ಕೊಟ್ಟು ಸೆಟ್ ಬದಲಾಯಿಸುವ ಮೊದಲು ಆ ಒಂದನ್ನು ಹುಡುಕಬೇಕು. ನಾನು ಈ ಪ್ರಬಂಧ ಬರೆಯಲು ಕೂತದ್ದೇ ಇದನ್ನು ಹೇಳುವುದಕ್ಕೆ.

ಹುಡುಕಿಕೊಟ್ಟವರು ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಹಿರಿಯರು. ಲಾರಿ, ಟ್ರ್ಯಾಕ್ಟರು, ಯುಪಿಎಸ್ಸು ಎಲ್ಲದರ ಬ್ಯಾಟರಿ ಅವರ ಕೈಮೇಲೆ ಹೋಗಿವೆ. ಮನೆಗೆ ಬಂದವರು ಮೊದಲು ಮಾಡಿದ ಕೆಲಸ ಬೆರಳಿನ ಉಂಗುರವನ್ನೂ ಕೈಗಡಿಯಾರವನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡದ್ದು. ಅವರ ಸ್ಪ್ಯಾನರಿನ ಹಿಡಿಗೆ ಪೂರ್ತಿ ಇನ್ಸುಲೇಷನ್ ಟೇಪ್ ಸುತ್ತಿತ್ತು. 48 ವೋಲ್ಟು ಮುಟ್ಟಿದರೆ ಶಾಕ್ ಹೊಡೆಯುವುದು ಕಡಿಮೆ. ಆದರೆ ಸ್ಪ್ಯಾನರು ಎರಡು ಟರ್ಮಿನಲ್ಲಿನ ನಡುವೆ ಬಿದ್ದರೆ ಕಬ್ಬಿಣವೇ ಕರಗುವಷ್ಟು ಕರೆಂಟು ಹರಿಯುತ್ತದೆ. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೆ ಒಂದು ಕಿಡಿಗೆ ಸಿಡಿಯುತ್ತದೆ. ಹಾಗಾಗಿ ಗ್ಯಾರೇಜಿನ ಬಾಗಿಲು, ಕಿಟಕಿ ಎಲ್ಲ ತೆಗೆಸಿದರು. ಬೀಡಿ ಹಚ್ಚಿಕೊಂಡು ನೋಡಲು ಬಂದ ಎದುರುಮನೆಯ ಡ್ರೈವರನ್ನು "ಅಣ್ಣಾ, ಅದನ್ನ ಆಚೆ ಮುಗಿಸ್ಕೊಂಡು ಬನ್ನಿ" ಎಂದು ಕಳಿಸಿದರು.

ಮಲ್ಟಿಮೀಟರ್ ಇಟ್ಟು ನೋಡಿದರೆ ಎಂಟೂ ಬ್ಯಾಟರಿ 6 ವೋಲ್ಟಿನ ಮೇಲೇ ತೋರಿಸಿದವು. ನನಗೆ ಆಶ್ಚರ್ಯವಾಯಿತು. "ಸುಮ್ನೆ ಕೂತಾಗ ಎಲ್ಲಾ ಚೆನ್ನಾಗೇ ಇರ್ತಾವೆ ಸಾರ್. ಲೋಡ್ ಕೊಟ್ಟು ಕೇಳ್ಬೇಕು" ಎಂದು ಲೋಡ್ ಟೆಸ್ಟರ್ ತೆಗೆದರು. ಒಂದೊಂದಕ್ಕೂ ಕೆಲವು ಕ್ಷಣ ಭಾರ ಹೇರಿ ಮುಳ್ಳು ನೋಡುತ್ತಾ ಹೋದರು. ಏಳು ಗಟ್ಟಿಯಾಗಿ ನಿಂತವು. ಎಡ ಮೂಲೆಯ ಎಂಟನೆಯದು 4 ವೋಲ್ಟಿಗೆ ಇಳಿದುಬಿಟ್ಟಿತು. ಒಂದು ಸೆಲ್ಲಿಗೆ 2 ವೋಲ್ಟು. ಆರು ಹೋಗಿ ನಾಲ್ಕಾಯಿತೆಂದರೆ ಒಂದು ಸೆಲ್ಲು ಇಲ್ಲವೆಂದೇ ಲೆಕ್ಕ. "ಸೆಟ್ ಹೋಗಿಲ್ಲ ಸಾರ್. ಇದೊಂದು ಕೂತಿದೆ" ಎಂದರು.

ಆಮೇಲೆ ಹೈಡ್ರೋಮೀಟರ್. ಗಾಜಿನ ಕೊಳವೆ, ತುದಿಗೆ ರಬ್ಬರು, ಒಳಗೆ ತೇಲುವ ಪುಟ್ಟ ಬುರುಡೆ. ವಿಜ್ಞಾನದ ಉಪಕರಣಗಳಲ್ಲಿ ಇಷ್ಟು ಸರಳವಾದದ್ದು, ಇಷ್ಟು ಸತ್ಯ ಹೇಳುವಂಥದ್ದು ಹೆಚ್ಚಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಿರುತ್ತಾಳೆ. ಸೀಸದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಮಾಡಿದಂದಿನಿಂದ ಅದರ ರಸಾಯನ ಬದಲಾಗಿಲ್ಲ. ಒಂದು ಫಲಕದಲ್ಲಿ ಸೀಸದ ಡೈಆಕ್ಸೈಡು, ಇನ್ನೊಂದರಲ್ಲಿ ಸೀಸ, ನಡುವೆ ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್. ವಿದ್ಯುತ್ತು ಕೊಡುತ್ತಾ ಹೋದಂತೆ ಎರಡೂ ಫಲಕಗಳು ಸೀಸದ ಸಲ್ಫೇಟಾಗುತ್ತವೆ, ದ್ರವದಲ್ಲಿ ಆಸಿಡ್ ಕಡಿಮೆಯಾಗಿ ನೀರು ಹೆಚ್ಚುತ್ತದೆ. ಆಸಿಡ್ ನೀರಿಗಿಂತ ಭಾರ. ಆದ್ದರಿಂದ ದ್ರವದ ಸಾಂದ್ರತೆ ಅಳೆದರೆ ಸೆಲ್ಲಿನಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯುತ್ತದೆ. ಪೂರ್ತಿ ಚಾರ್ಜ್ ಆದ ಸೆಲ್ಲು 1.260ರಿಂದ 1.280ರವರೆಗೆ ತೋರಿಸುತ್ತದೆ. ಅಂಗಡಿಯವರು ಇದನ್ನು ಗ್ರಾವಿಟಿ ಎನ್ನುತ್ತಾರೆ. ಅವರು ಒಂದೊಂದೇ ಮುಚ್ಚಳ ತೆಗೆದು ಗ್ರಾವಿಟಿ ಕೂಗಿದರು, ಇವಳು ಪುಸ್ತಕದಲ್ಲಿ ಇಪ್ಪತ್ತನಾಲ್ಕು ಮನೆ ಗೀಚಿ ಬರೆದುಕೊಂಡಳು. ಮೂಲೆಯ ಬ್ಯಾಟರಿಯ ನಡುವಿನ ಸೆಲ್ಲಿಗೆ ಬಂದಾಗ ಕೊಳವೆಯೊಳಕ್ಕೆ ದ್ರವವೇ ಏರಲಿಲ್ಲ. ಫಲಕಗಳು ಬರಿದಾಗಿ ಕಾಣುತ್ತಿದ್ದವು.

ಕಾರಣ ಅವರಿಗೆ ಕೂಡಲೇ ತಿಳಿಯಿತು. ಸರ್ವಿಸ್ ಮಾಡುವವರ ಕೈ ಆ ಮೂಲೆಗೆ ಸಲೀಸಾಗಿ ತಲುಪುವುದಿಲ್ಲ. ಕಣ್ಣಳತೆಯಲ್ಲಿ ಡಿಸ್ಟಿಲ್ಡ್ ವಾಟರ್ ಹುಯ್ದು ಮುಚ್ಚಳ ಹಾಕುತ್ತಾರೆ. ನೀರು ಫಲಕಕ್ಕಿಂತ ಕೆಳಗಿಳಿದರೆ ಗಾಳಿ ತಾಗಿದ ಭಾಗ ಕೆಡುತ್ತದೆ, ಅಲ್ಲಿನ ಸಲ್ಫೇಟು ಗಟ್ಟಿ ಹರಳಾಗಿ ಕೂತು ಮತ್ತೆ ಕರಗುವುದಿಲ್ಲ. ಚಾರ್ಜ್ ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೂ ಆಗುವುದು ಇದೇ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಲ್ಲಿ ನಿಂತಲ್ಲೇ ನಿಂತ ಗಾಡಿಗಳ ಬ್ಯಾಟರಿಗಳು ಸತ್ತದ್ದು ಹೀಗೆ. ಓಡಿ ಓಡಿ ಸವೆದವುಗಳಿಗಿಂತ ನಿಂತು ಕೆಟ್ಟವುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ ಎಂದರು ಆ ಹಿರಿಯರು.

ನೀರಿನ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮೂರಿನ ಬೋರ್‌ವೆಲ್ ನೀರಿನಲ್ಲಿ ಉಪ್ಪಿನಂಶ ಎಷ್ಟಿದೆ ಎಂಬುದನ್ನು ಗೀಸರಿನ ಕಾಯಿಲ್ ಬಿಚ್ಚಿ ನೋಡಿದವರು ಬಲ್ಲರು. ನಲ್ಲಿ ನೀರೂ ಬೇಡ, ಫಿಲ್ಟರ್ ನೀರೂ ಬೇಡ. ಡಿಸ್ಟಿಲ್ಡ್ ವಾಟರೇ ಆಗಬೇಕು. ಅದನ್ನೂ ಚಾರ್ಜ್ ಮುಗಿದ ಮೇಲೆ ತುಂಬಬೇಕು. ಚಾರ್ಜ್ ಆಗುವಾಗ ದ್ರವ ಉಬ್ಬಿ ಮೇಲೆ ಬರುತ್ತದೆ, ಮೊದಲೇ ತುಂಬಿದರೆ ಆಸಿಡ್ ಹೊರಚೆಲ್ಲುತ್ತದೆ. ಫಲಕ ಬರಿದಾಗಿ ಕಂಡರೆ ಮಾತ್ರ ಅದು ಮುಳುಗುವಷ್ಟು ಮೊದಲೇ ಹಾಕಬೇಕು. ಗ್ರಾವಿಟಿ ಕಡಿಮೆ ಇದೆಯೆಂದು ಆಸಿಡ್ ಸುರಿಯುವ ಅಂಗಡಿಗಳೂ ಇವೆ. ಅಲ್ಲಿಂದ ಎದ್ದು ಬರುವುದು ಒಳ್ಳೆಯದು. ಸೆಲ್ಲಿನಿಂದ ಆವಿಯಾಗಿ ಹೋಗುವುದು ನೀರು, ಆಸಿಡ್ ಫಲಕದೊಳಗೇ ಅಡಗಿರುತ್ತದೆ.

ಅವರು ಕಂಡುಹಿಡಿದದ್ದು ಇನ್ನೊಂದೂ ಇತ್ತು. ನನ್ನನ್ನು ಗುಡ್ಡದ ಏರಿನಲ್ಲಿ ಒಂದು ಸುತ್ತು ಓಡಿಸಲು ಹೇಳಿ, ಬಂದ ಕೂಡಲೇ ಕೀಲಿ ತೆಗೆಸಿ, ಬ್ಯಾಟರಿಯಿಂದ ಬ್ಯಾಟರಿಗೆ ಹೋಗುವ ಕೇಬಲ್ಲುಗಳ ತುದಿಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದರು. ಒಂದು ಕಡೆ ಬೆರಳು ಹಿಂದಕ್ಕೆ ಸರಿಯಿತು. ಅಲ್ಲಿ ಬೋಲ್ಟಿನ ಕೆಳಗೆ ಬೂದು ಮಿಶ್ರಿತ ಹಸಿರು ಪುಡಿ ಕೂತಿತ್ತು. ಅಂಥ ಕೊಳೆತ ಜಾಯಿಂಟಿನಲ್ಲಿ ಒಂದು ಓಮಿನ ನೂರನೆಯ ಒಂದು ಪಾಲಿನಷ್ಟೇ ತಡೆ ಇದ್ದರೂ 150 ಆಂಪಿಯರ್ ಹರಿಯುವಾಗ ಅಲ್ಲಿ 225 ವಾಟು ಬರೀ ಶಾಖವಾಗಿ ಹೋಗುತ್ತದೆ. ಎರಡು ಹೆಡ್‌ಲೈಟು ಉರಿಸುವುದರ ಎರಡರಷ್ಟು! ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆದು, ಒರೆಸಿ, ತಾಮ್ರ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರು. ಆ ಕೆಲಸ ಮಾಡುವಾಗ ಅವರ ಮುಖದಲ್ಲಿದ್ದ ಶ್ರದ್ಧೆ ನನಗೆ ಬಹಳ ಮೆಚ್ಚಿಗೆಯಾಯಿತು. ಲಿಥಿಯಂ ಬಂದ ಮೇಲೆ ಪೆಟ್ಟಿಗೆ ಮುಚ್ಚಿಯೇ ಬರುತ್ತದೆ, ಒಳಗಿನ ಸೆಲ್ಲುಗಳನ್ನು ಕಾಯುವುದು ಒಂದು ಎಲೆಕ್ಟ್ರಾನಿಕ್ ಬೋರ್ಡು. ಅದು ಒಳ್ಳೆಯದೇ, ಹಗುರ, ದೂರವೂ ಹೆಚ್ಚು. ಆದರೆ ಕಣ್ಣು, ಬೆರಳು, ಗಾಜಿನ ಕೊಳವೆಯಿಂದ ಖಾಯಿಲೆ ಹಿಡಿಯುವ ಇಂಥವರ ವಿದ್ಯೆಯನ್ನು ಅವರ ಅಂಗಡಿಯಲ್ಲಿರುವ ಹುಡುಗರು ಈಗಲೇ ಕಲಿತುಕೊಳ್ಳಲಿ ಎಂದು ನನ್ನ ಆಸೆ. ಹೊಸ ಬ್ಯಾಟರಿಗಳಲ್ಲೂ ಸೆಲ್ಲುಗಳಿರುವುದು ಸಾಲಿನಲ್ಲೇ, ಅಲ್ಲೂ ಬಡ ಸೆಲ್ಲೇ ದೂರವನ್ನು ಅಳೆಯುವುದು.

ಒಣಗಿದ ಸೆಲ್ಲನ್ನು ಉಳಿಸಲು ಅವರು ಪ್ರಯತ್ನಪಟ್ಟರು. ನೀರು ತುಂಬಿ, ಅಂಗಡಿಗೆ ಒಯ್ದು, ಕಡಿಮೆ ಕರೆಂಟಿನಲ್ಲಿ ಬಹಳ ಹೊತ್ತು ಚಾರ್ಜ್ ಕೊಟ್ಟರು. ಗ್ರಾವಿಟಿ ಸ್ವಲ್ಪ ಎದ್ದು ಅಲ್ಲೇ ನಿಂತಿತು. ಹೊಸ ಬ್ಯಾಟರಿ ಒಂದನ್ನು ಹಾಕೋಣವೇ ಎಂದು ಕೇಳಿದೆ. "ಬೇಡ ಸಾರ್. ಏಳು ಹಳೇದರ ಜೊತೆ ಹೊಸದು ಹಾಕಿದ್ರೆ ಬೇಗ ಅದೂ ಹಳೇದರ ಮಟ್ಟಕ್ಕೆ ಬರುತ್ತೆ. ದುಡ್ಡು ದಂಡ" ಎಂದರು. ಬೇರೆ ಸೆಟ್ಟಿನಿಂದ ಉಳಿದಿದ್ದ, ನಮ್ಮದರಷ್ಟೇ ವಯಸ್ಸಿನ, ಗ್ರಾವಿಟಿ ಸರಿಯಿರುವ ಒಂದನ್ನು ಹುಡುಕಿ ತಂದು ಕೂರಿಸಿದರು. ಹೊಸ ಸೆಟ್ಟಿನ ಬೆಲೆಯ ಮುಂದೆ ಅದರ ಖರ್ಚು ಹೇಳಿಕೊಳ್ಳುವಷ್ಟೂ ಇರಲಿಲ್ಲ.

ಈಗ ಕಾರು ಮಲ್ಲೇಶ್ವರಕ್ಕೆ ಹೋಗಿ ಬರುತ್ತದೆ, ಯಶವಂತಪುರದ ಸುತ್ತೂ ಆಗುತ್ತದೆ. ಹೊಸದಿದ್ದಾಗ ಕಂಪನಿ ಹೇಳುತ್ತಿದ್ದ 80 ಕಿಲೋಮೀಟರ್ ಬರುವುದಿಲ್ಲ, ಬರಬೇಕೆಂಬ ಹಟವೂ ನಮಗಿಲ್ಲ. ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದಷ್ಟೂ ಅದರ ಆಯುಸ್ಸು ಕಡಿಮೆಯಾಗುತ್ತದೆ. ಅರ್ಧಕ್ಕಿಳಿದಾಗಲೇ ಚಾರ್ಜಿಗೆ ಹಾಕುತ್ತೇವೆ. ಗ್ರಾವಿಟಿಯ ಇಪ್ಪತ್ತನಾಲ್ಕು ಮನೆಗಳ ಪಟ್ಟಿಯನ್ನು ಇವಳು ಆಗಾಗ ಹೊಸದಾಗಿ ಬರೆಯುತ್ತಾಳೆ, ಮೂಲೆಯ ಬ್ಯಾಟರಿಗೆ ನೀರು ಹಾಕುವುದು ನನ್ನ ಪಾಲಿನ ಕೆಲಸ. ಸೆಟ್ ಪೂರ್ತಿ ಬದಲಾಯಿಸುವ ದಿನ ಬಂದೇ ಬರುತ್ತದೆ, ಆಗ ಬದಲಾಯಿಸುತ್ತೇವೆ.

ಆ ದಿನ ನಿಮ್ಮ ಮನೆಗೂ ಬಂದಾಗ ಒಂದು ಕೋರಿಕೆ ನಡೆಸಿಕೊಡಿ. ಕಾರಿನದಿರಲಿ, ಸ್ಕೂಟರಿನದಿರಲಿ, ಯುಪಿಎಸ್ಸಿನದಿರಲಿ, ಸೀಸದ ಬ್ಯಾಟರಿಯನ್ನು ಬೀದಿಯ ಗುಜರಿಗೆ ಹಾಕಬೇಡಿ. ಅದನ್ನು ಒಡೆದು ಆಸಿಡ್ಡನ್ನು ಮೋರಿಗೆ ಸುರಿದು ಸೀಸವನ್ನು ಬಯಲಿನಲ್ಲಿ ಕರಗಿಸುವವರಿದ್ದಾರೆ, ಆ ಹೊಗೆ ಮೊದಲು ಹೋಗುವುದು ಅಲ್ಲಿ ಆಡುವ ಮಕ್ಕಳ ಮೈಗೆ. ಹಳೆಯ ಬ್ಯಾಟರಿಯನ್ನು ವಾಪಸು ತೆಗೆದುಕೊಳ್ಳುವ ವ್ಯವಸ್ಥೆ 2001ರ ನಿಯಮದಿಂದಲೇ ಇದೆ, 2022ರ ನಿಯಮ ಎಲ್ಲ ಬಗೆಯ ಬ್ಯಾಟರಿಗೂ ಅದನ್ನು ವಿಸ್ತರಿಸಿದೆ. ಮಾರುವ ಅಂಗಡಿಗೇ ಕೊಡಿ, ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ, ರಸೀದಿ ಕೇಳಿ ಪಡೆಯಿರಿ.